ಮೂರರ ಮೇಲೆ ನಡೆದ ಮೋಟಾರು

ದುರಗವ್ವ ಮೋಟಾರು ನಡೆಸುವುದನ್ನು ನೋಡಿ ಹುಬ್ಬಳ್ಳಿಯಲ್ಲಿ ಕೆಲವರು ನಗುತ್ತಿದ್ದರು, ಕೆಲವರು ಮುಖ ತಿರುಗಿಸುತ್ತಿದ್ದರು. ಅವಳು ಅಲ್ಲಿನ ಬೆಂಗೇರಿಯಲ್ಲಿದ್ದ ಹೆರಿಗೆ ನರ್ಸು. ಅವಳಿಗೆ ಕೆಲಸ ಕಲಿಸಿದ ವಿಲಾಯತಿ ಡಾಕ್ಟರ್ ಬಾಯಿ ೧೯೫೮ರಲ್ಲಿ ತನ್ನ ದೇಶಕ್ಕೆ ಹೊರಟಾಗ, ಹಳೆಯ ಕರಿ ಮೋಟಾರನ್ನು ಇವಳ ಹೆಸರಿಗೆ ಮಾಡಿಕೊಟ್ಟಿದ್ದಳು. ಕೇರಿಯಲ್ಲಿ ಹುಟ್ಟಿದವಳು, ಮೇಲಾಗಿ ಅಣ್ಣತಮ್ಮಂದಿರ ಜೊತೆ ಬೌದ್ಧಳಾದವಳು, ಪೇಟೆಯ ನಡುವೆ ಹಾರ್ನ್ ಹೊಡೆಯುತ್ತ ಹೋಗುವುದು ಬಹಳ ಜನಕ್ಕೆ ಸೇರಿರಲಿಲ್ಲ. ಬಾಡಿಗೆ ಮೋಟಾರುಗಳ ಮಾಲಕ ಹುಚ್ಚಪ್ಪನಿಗಂತೂ ಸುತರಾಂ ಸೇರಿರಲಿಲ್ಲ.

"ಮಾರಿಬಿಡ್ರಿ ನರ್ಸಬಾಯಾರ, ನಿಮಗ್ಯಾಕ ಈ ಉಸಾಬರಿ?" ಎಂದು ಕಂಡಾಗಲೆಲ್ಲ ಕೇಳುತ್ತಿದ್ದ.

"ಹೆರಿಗಿ ನೋವು ನಿಮ್ಮ ಬಾಡಿಗಿ ಗಾಡಿ ಬರೂತನಕಾ ತಡಿಯೂದಿಲ್ರಿ," ಎನ್ನುತ್ತಿದ್ದಳು ದುರಗವ್ವ.

ಮೂರು ವರ್ಷ ಮೋಟಾರು ಚೆನ್ನಾಗಿ ಓಡಿತು. ಆಮೇಲೆ ಒಂದು ಸ್ಪಾರ್ಕ್ ಪ್ಲಗ್ಗಿನ ಪಿಂಗಾಣಿ ಸೀಳಿ ಇಂಜಿನ್ ತಡವರಿಸತೊಡಗಿತು. ಹೊರದೇಶದ ಸಾಮಾನು ಬರುವುದು ನಿಂತುಹೋಗಿದ್ದ ಕಾಲ. ಆ ಮೋಟಾರಿನ ಪ್ಲಗ್ಗು ಎಲ್ಲಿಯೂ ಇರಲಿಲ್ಲ. ಪೇಟೆಯ ಅಂಗಡಿಯವನೊಬ್ಬ ಬೇರೆ ಜಾತಿಯದನ್ನು ಕೊಟ್ಟು, "ಕೂಡತದ, ಒಯ್ರಿ" ಅಂದ. ದುರಗವ್ವ ತಾನೇ ಪಾನಾ ಹಿಡಿದು ತಿರುವಿ ಅದನ್ನು ಕೂಡಿಸಿದಳು. ಸರಿಯಾಗಿಯೇ ಕೂತಿತು.

ಮರುದಿನ ಬೆಳಿಗ್ಗೆ ಗಬ್ಬೂರಿನಿಂದ ಹನುಮಪ್ಪ ಎಂಬ ರೈತ ಸೈಕಲ್ಲು ತುಳಿದುಕೊಂಡು ಬಂದ. ಅವನ ಹೆಂಡತಿ ಮಾಳವ್ವನಿಗೆ ಹಿಂದಿನ ಸಂಜೆಯಿಂದ ನೋವು. ದುರಗವ್ವ ಅವನನ್ನೂ ಕೂಡಿಸಿಕೊಂಡು ಹೋಗಿ ನೋಡಿದರೆ ಕೂಸು ಅಡ್ಡ ತಿರುಗಿತ್ತು. ಆಸ್ಪತ್ರೆಗೆ ಒಯ್ಯದೆ ಗತಿಯಿರಲಿಲ್ಲ. ಮಾಳವ್ವನನ್ನು ಹಿಂದಿನ ಸೀಟಿನಲ್ಲಿ ಮಲಗಿಸಿ ಊರು ದಾಟುವಷ್ಟರಲ್ಲಿ ಇಂಜಿನ್ನಿನೊಳಗೆ ಟಕ್ ಟಕ್ ಎಂದು ಬಡಿಯುವ ಸದ್ದು ಎದ್ದಿತು. ದುರಗವ್ವ ಇಳಿದು ಹೊಸ ಪ್ಲಗ್ಗು ಬಿಚ್ಚಿದಳು. ಅದರ ತುದಿ ಮುರಿದುಹೋಗಿತ್ತು.

ಆಗ ಅವಳಿಗೆ ತಿಳಿಯಿತು. ಪ್ಲಗ್ಗು ಬೇಕಾದ್ದಕ್ಕಿಂತ ಉದ್ದವಿತ್ತು. ಮೇಲೆ ಬರುವ ಪಿಸ್ಟನ್ನು ಅದನ್ನು ಕುಟ್ಟಿ ಕುಟ್ಟಿ ಮುರಿದಿತ್ತು. ಮುರಿದ ತುಂಡು ಸಿಲಿಂಡರಿನೊಳಗೇ ಉಳಿದಿತ್ತು.

"ಏನಾತ್ರಿ?" ಹನುಮಪ್ಪ ಕೇಳಿದ.

"ಲೋಹದ ತುಂಡು ಒಳಗ ಬಿದ್ದದ. ಗಾಡಿ ಹೊಡದ್ರ ಇಂಜಿನ್ ಹಾಳಾಗತದ."

"ಹಂಗಾರ ಚಕ್ಕಡಿ ಕಟ್ಲೇನ್ರಿ?"

ದುರಗವ್ವ ಮಾಳವ್ವನ ನಾಡಿ ಹಿಡಿದಳು. ಚಕ್ಕಡಿ ಹುಬ್ಬಳ್ಳಿ ಮುಟ್ಟುವತನಕ ಈ ನಾಡಿ ಉಳಿಯುವಂತಿರಲಿಲ್ಲ. ಅವಳು ಗಾಡಿಯಲ್ಲೇ ಇಟ್ಟಿದ್ದ ಸೀಳಿದ ಹಳೆಯ ಪ್ಲಗ್ಗನ್ನೇ ಮತ್ತೆ ತಿರುವಿ ಕೂಡಿಸಿದಳು.

"ಹಾಳಾದ್ರ ಆಗ್ಲಿ," ಅಂದಳು. "ಹತ್ರಿ."

ದಾರಿಯುದ್ದಕ್ಕೂ ಇಂಜಿನ್ ಗರಗರ ಅರೆಯಿತು. ಒಂದೊಂದು ಸದ್ದೂ ತನ್ನ ಎಲುಬಿಗೇ ತಾಗಿದಂತೆ ಅವಳಿಗೆ ಅನಿಸುತ್ತಿತ್ತು. ಆದರೂ ಕಾಲು ಸಡಿಲಿಸಲಿಲ್ಲ. ಆಸ್ಪತ್ರೆಯ ಗೇಟಿನೊಳಗೆ ಮೋಟಾರು ಬುಸ್ ಎಂದು ನೀಲಿ ಹೊಗೆ ಉಗುಳಿ ನಿಂತಿತು. ಮಾಳವ್ವನಿಗೆ ಆಪರೇಶನ್ ಆಯಿತು. ತಾಯಿಯೂ ಉಳಿದಳು, ಹೆಣ್ಣುಕೂಸೂ ಉಳಿಯಿತು.

ಎರಡು ದಿನದ ಮೇಲೆ ಹನುಮಪ್ಪ ತನ್ನ ಜೋಡೆತ್ತು ತಂದು ಮೋಟಾರಿಗೆ ಹಗ್ಗ ಕಟ್ಟಿದ. ಕಮರುದ್ದೀನನ ಗ್ಯಾರೇಜಿಗೆ ಹೋಗಲು ಬಾಡಿಗೆ ಮೋಟಾರುಗಳ ಅಡ್ಡೆಯ ಮುಂದೆಯೇ ಹಾಯಬೇಕಿತ್ತು. "ಹಿಂದಿನ ಓಣಿ ಹಿಡಿಯೂಣೇನ್ರಿ?" ಎಂದು ಅವನು ಮೆಲ್ಲಗೆ ಕೇಳಿದ.

"ಯಾಕ? ಏನ್ ಕಳವು ಮಾಡೇವೇನು?" ಎಂದು ದುರಗವ್ವ ಸ್ಟೇರಿಂಗ್ ಹಿಡಿದು ನೆಟ್ಟಗೆ ಕೂತಳು.

ಅಡ್ಡೆಯಲ್ಲಿದ್ದವರೆಲ್ಲ ಎದ್ದು ನಿಂತರು. ಹುಚ್ಚಪ್ಪ ಚಪ್ಪಾಳೆ ತಟ್ಟಿದ. "ಈಗ ನೋಡ್ರಿ, ನಿಮಗ ತಕ್ಕ ಗಾಡಿ ಆತು! ಇನ್ನರೆ ಗುಜರಿಗೆ ಹಾಕ್ರಿ, ನಾನಽ ತಗೋತೇನಿ."

"ಎತ್ತು ನಿಲ್ಲಸ್ರಿ ಹನುಮಪ್ಪಾರ," ಅಂದಳು ದುರಗವ್ವ. ಕಿಟಕಿಯಿಂದ ತಲೆ ಹೊರಗೆ ಹಾಕಿ ಎಲ್ಲರಿಗೂ ಕೇಳುವಂತೆ ಹೇಳಿದಳು: "ಹುಚ್ಚಪ್ಪಾರ, ಈ ಗಾಡಿ ಎರಡು ಜೀವ ಉಳಿಸಿ ಕೆಟ್ಟದ. ನಿಮ್ಮವು ನೆಳ್ಳಾಗ ನಿಂತು ಕೆಡತಾವ. ಇದನ್ನ ನಾ ಮಾರೂದಿಲ್ಲ. ಇದಽ ದಾರಿಯಾಗ ಹೊಡಕೊಂಡು ಬರ್ತೇನಿ, ನೋಡ್ರಿ."

ಹನುಮಪ್ಪ ಎತ್ತುಗಳ ಬೆನ್ನು ತಟ್ಟಿದ. ಎತ್ತುಗಳು ಮುಂದೆ ಹೊರಟವು.

ಕಮರುದ್ದೀನ ಇಂಜಿನ್ ಬಿಚ್ಚಿ ತಲೆಯಾಡಿಸಿದ. ನಾಲ್ಕನೆಯ ಪಿಸ್ಟನ್ನಿಗೆ ತೂತು ಬಿದ್ದಿತ್ತು, ಸಿಲಿಂಡರಿನ ಗೋಡೆ ಗೀರಿಹೋಗಿತ್ತು. "ಅಕ್ಕಾರ, ಪಿಸ್ಟನ್ ಇಲ್ಲೆ ಸಿಗೂದಿಲ್ಲ. ಮುಂಬೈಕ ಹೇಳಿ ಕಳಸ್ತೇನಿ, ಯಾವಾಗ ಬರತದೋ ಅಲ್ಲಾಗಽ ಗೊತ್ತು."

"ಉಳದ ಮೂರು?"

"ಅವು ಛಲೋ ಅದಾವ."

"ಹಂಗಾರ ಮೂರರ ಮ್ಯಾಲ ನಡಸೂಣು."

ಕಮರುದ್ದೀನ ಅವಳ ಮುಖ ನೋಡಿದ. "ಕೆಟ್ಟದ್ದನ್ನ ಪೂರಾ ತಗದು, ಅದರ ಎಣ್ಣಿ ದಾರಿ ಮುಚ್ಚಿದ್ರ ನಡೀತದ. ಆದರ ಮೈಯೆಲ್ಲಾ ನಡಗತದ. ಏರು ಹತ್ತೂದು ಕಠಿಣ. ಮಂದಿ ನಗತಾರ್ರಿ."

"ಮಂದಿ ನಾಲ್ಕರ ಮ್ಯಾಲ ಹೋಗುವಾಗ್ಲೂ ನಗತಿದ್ರು, ಕಮರುದ್ದೀನಣ್ಣಾ. ನೀ ಬಿಚ್ಚು."

ಮುಂದಿನ ವಾರ ಮೋಟಾರು ಕುಂಟುತ್ತ, ಗದಗದ ನಡುಗುತ್ತ ಅಡ್ಡೆಯ ಮುಂದೆ ಹಾಯಿತು. ದುರಗವ್ವ ಬೇಕೆಂದೇ ಹಾರ್ನ್ ಹೊಡೆದಳು. ಹುಚ್ಚಪ್ಪ ಚಹಾ ಕುಡಿಯುವುದರಲ್ಲಿ ಮಗ್ನನಾದಂತೆ ಮಾಡಿದ.

ಖರೇ ಪರೀಕ್ಷೆ ಆಮೇಲೆ ಬಂತು. ಧಾರವಾಡದ ಕಡೆಯ ಹಳ್ಳಿಯೊಂದರಿಂದ ಹೆರಿಗೆಗೆ ಕರೆ ಬಂದಿತ್ತು. ದಾರಿಯಲ್ಲಿನ ಏರು ಅರ್ಧ ಹತ್ತುವಷ್ಟರಲ್ಲಿ ಇಂಜಿನ್ ಉಸಿರು ಬಿಟ್ಟಿತು. ಅವಳು ಹಿಂದೆ ಸರಿದು, ಓಟ ಕೊಟ್ಟು ಮತ್ತೆ ಹತ್ತಿಸಿದಳು. ಮತ್ತೆ ಅಲ್ಲೇ ನಿಂತಿತು. ಗದ್ದೆಯಲ್ಲಿದ್ದವರು ಓಡಿ ಬಂದು, "ತಿರಿಗಿ ಹೋಗ್ರಿ ಬಾಯಾರ, ಇದು ಹತ್ತೂದಿಲ್ಲ" ಅಂದರು. ದುರಗವ್ವ ಸೆರಗು ಸೊಂಟಕ್ಕೆ ಸಿಗಿಸಿದಳು. ಮೋಟಾರಿಗೆ ಹೆಚ್ಚು ಜೋರಿರುವುದು ರಿವರ್ಸ್ ಗೇರಿನಲ್ಲಿ ಎಂದು ಡಾಕ್ಟರ್ ಬಾಯಿ ಒಮ್ಮೆ ಹೇಳಿದ್ದಳು. ದುರಗವ್ವ ಏರಿನ ಬುಡಕ್ಕೆ ಇಳಿದು, ಮೋಟಾರಿನ ಮುಖ ಹುಬ್ಬಳ್ಳಿಗೆ ತಿರುಗಿಸಿ, ಕುತ್ತಿಗೆ ಹೊರಳಿಸಿ ಹಿಂದೆ ನೋಡುತ್ತ, ಬೆನ್ನು ಮುಂದಾಗಿ ಏರು ಹತ್ತಿಸತೊಡಗಿದಳು. ಮೋಟಾರು ನಡುಗಿತು, ಗೊಣಗಿತು, ನಿಲ್ಲಲಿಲ್ಲ. ಎದುರಿನಿಂದ ಬಂದ ಬಸ್ಸು ಪಕ್ಕಕ್ಕೆ ಸರಿದು ದಾರಿ ಕೊಟ್ಟಿತು. ಕಿಟಕಿಗಳ ತುಂಬ ಬೆರಗಾದ ಮುಖಗಳು.

ನೆತ್ತಿ ಮುಟ್ಟಿದ ಮೇಲೆ ಅವಳು ಮೋಟಾರನ್ನು ನೆಟ್ಟಗೆ ತಿರುಗಿಸಿ, ಬೆವರು ಒರೆಸಿಕೊಂಡು, ಆ ಹಳ್ಳಿಯ ದಾರಿ ಹಿಡಿದಳು.