ತುಳುಕದ ಲೋಟ

ಅಂಚಿನವರೆಗೂ ನೀರು ತುಂಬಿದ ಸ್ಟೀಲ್ ಲೋಟವನ್ನು ಲಿಫ್ಟಿನ ನೆಲದ ನಟ್ಟನಡುವೆ ಇಟ್ಟು, ಅದರ ಪಕ್ಕ ಕುಕ್ಕರಗಾಲಿನಲ್ಲಿ ಕೂತು, ಲಿಫ್ಟ್ ಮೇಸ್ತ್ರಿ ಮೇಲಿನ ಮಹಡಿಯ ಗುಂಡಿ ಒತ್ತಲು ಹೇಳಿದ. ಒತ್ತಿದವನು ಆ ಹೋಟೆಲಿನ ಮ್ಯಾನೇಜರ್. ಊರಿನ ಕೋಟ್ಯಧೀಶರೆಲ್ಲ ಒಂದು ಮೇಜಿಗಾಗಿ ಅವನೆದುರು ಹಲ್ಲು ಗಿಂಜುತ್ತಾ ನಿಲ್ಲುತ್ತಿದ್ದರು. ಅಂಥವನು ಇಂದು ಒಂದು ಲೋಟದ ಮುಂದೆ ಉಸಿರು ಬಿಗಿಹಿಡಿದು ನಿಂತಿದ್ದ. ನಾಲ್ಕನೇ ಮಹಡಿಯ ಹತ್ತಿರ ನೀರು ಒಂಚೂರು ನಡುಗಿತು. ಎಂಟರಲ್ಲಿ ಒಂದು ಹನಿ ಅಂಚು ದಾಟಿ ಕೆಳಗಿಳಿಯಿತು.

"ಆಗಲ್ಲ," ಎಂದು ಮೇಸ್ತ್ರಿ ಲೋಟ ಎತ್ತಿಕೊಂಡು ನೀರನ್ನು ಗಟಗಟ ಕುಡಿದುಬಿಟ್ಟ.

"ಅಡುಗೆ ಏನೇನಿದೆ ಅಂತ ಕೇಳಲ್ವಾ ಸಾರ್?"

"ಅಡುಗೆ ಚೆನ್ನಾಗೇ ಇರುತ್ತೆ ಬಿಡಿ. ನಿಮ್ಮ ಲಿಫ್ಟಿನ ಹಳಿಗೆ ಎಣ್ಣೆ ಹಾಕ್ಸಿ."

ಆ ಊರಿನಲ್ಲಿ ಅವನ ಕೈ ತಾಗದ ಲಿಫ್ಟೇ ಇರಲಿಲ್ಲ. ಅವನಿಗೆ ಒಂದು ದಿನ ಜ್ವರ ಬಂದರೆ ಅರ್ಧ ಊರು ಮೆಟ್ಟಿಲ ಮೇಲೆ ಏದುಸಿರು ಬಿಡುತ್ತಾ ಕೂರುತ್ತಿತ್ತು, ಉಳಿದರ್ಧ ಅವನ ಮನೆಯ ಮುಂದೆ ಕಷಾಯ ಹಿಡಿದು ನಿಲ್ಲುತ್ತಿತ್ತು. ಅವನ ಕಿವಿಯಂತೂ ಕಿವಿಯಲ್ಲ, ಯಂತ್ರ. ಮದುವೆಯಾದ ಹೊಸತರಲ್ಲಿ, ಎರಡು ಬೀದಿ ಆಚೆಯ ಆಸ್ಪತ್ರೆಯ ಲಿಫ್ಟಿನ ತಂತಿ ಕಿರುಗುಟ್ಟಿದ್ದನ್ನು ನಿದ್ದೆಯಲ್ಲೇ ಕೇಳಿಸಿಕೊಂಡು, ಎದ್ದು ಪ್ಯಾಂಟು ಹಾಕಿಕೊಂಡು ಓಡಿದ್ದ. ಪ್ಯಾಂಟು ಹಾಕಿಕೊಂಡಿದ್ದ ಎಂಬುದನ್ನು ಅವನ ಹೆಂಡತಿ ಇವತ್ತಿಗೂ ಒಪ್ಪುವುದಿಲ್ಲ. ಊರಿನ ದೊಡ್ಡ ಹೋಟೆಲುಗಳೆಲ್ಲ ಅವನಿಗೆ ಅಂಗೈ ಗೆರೆಯಷ್ಟು ಪರಿಚಯ. ಆದರೆ ಬಲ್ಲದ್ದು ನೆಲದಡಿಯ ಗುಂಡಿಯಿಂದ, ತಾರಸಿಯ ಮೇಲಿನ ಮೋಟಾರು ಕೋಣೆಯಿಂದ. ನಡುವೆ ಎಲ್ಲೋ ಜನ ಕೂತು ಉಣ್ಣುತ್ತಾರೆ ಎಂಬುದು ಅವನಿಗೆ ಬರೀ ವಾಸನೆಯಿಂದ ಗೊತ್ತಿದ್ದ ಸಂಗತಿ.

ಹೆಂಡತಿಗೆ ಅರವತ್ತು ತುಂಬುತ್ತಿತ್ತು. ಕಾಯಿಲೆ ಅವಳ ಬೆನ್ನೆಲುಬಿಗೆ ಇಳಿದಿತ್ತು. ನೆಟ್ಟಗೆ ನಿಂತರೆ ಹೇಗೋ ತಡೆದುಕೊಳ್ಳುತ್ತಿದ್ದಳು. ಬಗ್ಗಿದರೆ, ಒಂದು ಸಣ್ಣ ಕುಲುಕು ತಗುಲಿದರೆ, ಪ್ರಾಣ ಬಾಯಿಗೆ ಬರುತ್ತಿತ್ತು. ಡಾಕ್ಟರು ಕನ್ನಡಕ ತೆಗೆದು ಒರೆಸಿಕೊಳ್ಳುತ್ತಾ, ಇನ್ನು ನೋವನ್ನು ಮಾತ್ರ ನೋಡಿಕೊಳ್ಳೋಣ ಎಂದಿದ್ದರು. ಆ ಮಾತಿನ ಅರ್ಥ ಆಸ್ಪತ್ರೆಯ ಗೇಟಿನ ತನಕ ಇಬ್ಬರಿಗೂ ಆಗಲಿಲ್ಲ. ಗೇಟಿನಲ್ಲಿ ಆಯಿತು.

"ಹುಟ್ಟುಹಬ್ಬ ಮುಗಿಯೋವರೆಗೂ ಪುಟ್ಟಿಗೆ ಹೇಳ್ಬೇಡಿ," ಎಂದಳು ಹೆಂಡತಿ ಅಲ್ಲೇ, ಗೇಟಿನ ಕಂಬ ಹಿಡಿದುಕೊಂಡು. "ಒಂದು ಊಟನಾದ್ರೂ ನಾನು ಅವಳ ಅಮ್ಮನಾಗಿ ಮಾಡ್ಬೇಕು. ಆಮೇಲೆ ರೋಗಿ ಆಗೋದು ಇದ್ದೇ ಇದೆಯಲ್ಲ."

ಪುಟ್ಟಿ ಎಂದರೆ ಮೂವತ್ತು ದಾಟಿದ ಮಗಳು. ಊರಿನ ಇನ್ನೊಂದು ತುದಿಯಲ್ಲಿ ಕನ್ನಡಕದ ಅಂಗಡಿ ನಡೆಸುತ್ತಿದ್ದಳು. ಅವಳ ಕನ್ನಡಕ ಹಾಕಿಕೊಂಡವರು ಪಕ್ಕದ ಊರಿನ ಬಸ್ಸಿನ ಬೋರ್ಡನ್ನು ಮನೆಯ ಜಗಲಿಯಿಂದಲೇ ಓದುತ್ತಿದ್ದರು. ಅಂಥವಳು ಅಮ್ಮನ ಮಂಚದ ಕಾಲುಗಳ ಕೆಳಗೆ ಅಪ್ಪ ಇಟ್ಟಿಗೆ ಇಟ್ಟಿದ್ದನ್ನು ನೋಡಿ, ಗುಡಿಸೋಕೆ ಸುಲಭ ಎಂದ ಅವನ ಮಾತನ್ನು ನಂಬಿ ಹೋಗಿದ್ದಳು.

ಹುಟ್ಟುಹಬ್ಬದ ಊಟಕ್ಕೆ ಪುಟ್ಟಿಯ ಮನಸ್ಸು ಕೂತಿದ್ದು ಕೆರೆ ದಡದ ಹಳೇ ಬಂಗಲೆಯ ಮೇಲೆ. ಅಲ್ಲಿ ಅಮೃತಶಿಲೆಯ ಮೆಟ್ಟಿಲುಗಳು, ಪಿಟೀಲು ನುಡಿಸುವವರು, ಬಾಯಿಗಿಟ್ಟರೆ ಕಣ್ಣಲ್ಲಿ ನೀರು ಬರಿಸುವ ಅಡುಗೆ. ಅಪ್ಪ ಬೇಡವೆಂದ. ಸರಿ, ಸುತ್ತಲೂ ಮೀನಿನ ತೊಟ್ಟಿಗಳಿರುವ ನೆಲಮಾಳಿಗೆಯ ಹೋಟೆಲು ಎಂದಳು. ಅದರ ಇಳಿಜಾರು ಸರಿಯಿಲ್ಲ ಎಂದ. ಕೊನೆಗೆ ಅವಳು ಫೋನನ್ನು ಮೇಜಿನ ಮೇಲೆ ಬೋರಲು ಹಾಕಿ, ಅಪ್ಪ ಊರೆಲ್ಲ ಲೋಟ ಹಿಡಿದುಕೊಂಡು ತಿರುಗುತ್ತಿರುವುದು ತನ್ನ ಅಂಗಡಿಯ ತನಕ ಸುದ್ದಿಯಾಗಿದೆ, ಗಿರಾಕಿಗಳು ನಗುತ್ತಿದ್ದಾರೆ ಎಂದು ಶುರುಮಾಡಿದಳು.

"ಅಮ್ಮನಿಗೆ ಅರವತ್ತಾಗ್ತಿರೋದು ಅಪ್ಪ. ನಿನ್ನ ಲಿಫ್ಟಿಗಲ್ಲ."

ಮೇಸ್ತ್ರಿ ಬಾಯಿ ತೆರೆದ. ಹೆಂಡತಿ ಅಡುಗೆಕಟ್ಟೆಗೆ ಸೊಂಟ ಒರಗಿಸಿ, ಅರಮನೆಯ ಕಾವಲುಗಾರನೂ ನಾಚುವಷ್ಟು ನೆಟ್ಟಗೆ ನಿಂತು ಅವನನ್ನೇ ನೋಡುತ್ತಿದ್ದಳು. ಅವನು ಬಾಯಿ ಮುಚ್ಚಿದ.

"ನಿಮ್ಮಪ್ಪನೇ ಆರಿಸ್ಲಿ ಬಿಡೇ," ಎಂದಳು ಅವಳು. "ನನ್ನನ್ನ ಆರಿಸಿದ್ದು ಬಿಟ್ರೆ ಜನ್ಮದಲ್ಲಿ ಬೇರೇನೂ ಸರಿಯಾಗಿ ಆರಿಸಿಲ್ಲ. ಇನ್ನೊಂದು ಅವಕಾಶ ಕೊಡೋಣ."

ಮಗಳು ನಕ್ಕಳು. ಆದರೆ ಹೋಗುವಾಗ ಅಪ್ಪನಿಗೆ ಹೇಳಿ ಹೋಗಲಿಲ್ಲ.

ಮೇಸ್ತ್ರಿ ಮತ್ತೆ ಲೋಟ ಹಿಡಿದು ಹೊರಟ. ಒಂದು ಕಡೆ ಲಿಫ್ಟು ನಿಲ್ಲುವಾಗ ಕುದುರೆಯಂತೆ ಮುಗ್ಗರಿಸಿತು. ಇನ್ನೊಂದು ಕಡೆ ಎಲ್ಲ ಸರಿಯಿತ್ತು, ಬಾಗಿಲ ಬಳಿ ನೆಲ ಒಂದು ಬೆರಳು ತಗ್ಗಿತ್ತು. ಒಂದು ಬೆರಳು ಎಂದರೆ ಅವಳಿಗೆ ಬಾವಿಯಷ್ಟು ಆಳ. ಆ ವಾರ ಅವನು ಕುಡಿದ ನೀರಿನಲ್ಲಿ ಒಂದು ಹೊಲಕ್ಕೆ ನೀರುಣಿಸಬಹುದಿತ್ತು. ಕೊನೆಗೆ ಹೊಸದಾಗಿ ಎದ್ದಿದ್ದ ಗಾಜಿನ ಗೋಪುರದಲ್ಲಿ, ಮೋಡಕ್ಕೆ ತಲೆ ತಾಗುವಂಥ ತುತ್ತತುದಿಯ ಹೋಟೆಲಿಗೆ ಏರುವಾಗ, ಲೋಟದ ನೀರು ಕನ್ನಡಿಯಂತೆ ನಿಂತೇ ಇತ್ತು. ಏರಿದ್ದು ಲಿಫ್ಟೋ, ಭೂಮಿಯೇ ಕೆಳಗಿಳಿಯಿತೋ ಹೇಳಲಾಗದಂಥ ಏರಿಕೆ. ಅವನು ಎರಡು ಸಲ ಇಳಿದು ಎರಡು ಸಲ ಹತ್ತಿದ. ಆಮೇಲೆ ಲಿಫ್ಟಿನ ಗೋಡೆಗೆ ಮುಖ ಮಾಡಿ ಸ್ವಲ್ಪ ಹೊತ್ತು ನಿಂತಿದ್ದ. ಬಾಗಿಲ ಎದುರಿಗೇ ಕೂತಿದ್ದ ಹುಡುಗಿಯ ಹತ್ತಿರ ಮೂವರಿಗೆ ಮೇಜು ಗೊತ್ತುಮಾಡಿ, ಅದೇ ಲಿಫ್ಟಿನಲ್ಲಿ ಕೆಳಗೆ ಬಂದ. ಒಳಗೆ ಇಣುಕಿಯೂ ನೋಡಲಿಲ್ಲ.

ಹುಟ್ಟುಹಬ್ಬದ ದಿನ ಎತ್ತರದ ಸೀಟಿನ ಟ್ಯಾಕ್ಸಿಯವನಿಗೆ ಅವನು ಎಷ್ಟು ನಿಧಾನ ಮಾಡಿಸಿದನೆಂದರೆ ಹಿಂದಿನಿಂದ ಬಂದ ಸೋಮಾರಿ ನಾಯಿಯೊಂದು ಅವರನ್ನು ದಾಟಿಕೊಂಡು ಹೋಯಿತು. ಹೆಂಡತಿ ಹಸಿರು ಸೀರೆ ಉಟ್ಟಿದ್ದಳು. ಮಗಳ ಮುನಿಸು ಇಳಿದಿತ್ತು. ಲಿಫ್ಟಿನಲ್ಲಿ ಹೆಂಡತಿ ಕಣ್ಣು ಮುಚ್ಚಿ ಅವನ ತೋಳು ಹಿಡಿದುಕೊಂಡಳು.

"ಯಾವಾಗ ಹೊರಡುತ್ತೆ?" ಎಂದು ಕೇಳಿದಳು.

"ಬಂದಾಯ್ತು ಕಣೇ."

ಅವಳು ಕಣ್ಣು ತೆರೆದು ಅವನತ್ತ ನೋಡಿದಳು. ಸಾಮ್ರಾಜ್ಯ ಗೆದ್ದ ಅರಸರ ಮುಖದಲ್ಲೂ ಆಗ ಮೇಸ್ತ್ರಿಯ ಮುಖದಲ್ಲಿದ್ದಷ್ಟು ಕಳೆ ಇದ್ದಿರಲಾರದು.

ಊಟದ ಕೋಣೆ ಮೈದಾನದಷ್ಟಿತ್ತು. ಮೂರು ಕಡೆ ಗಾಜು, ಕೆಳಗೆ ಊರಿಗೆ ಊರೇ. ವೇಟರ್ ನಡು ಬಗ್ಗಿಸಿ ಅವರ ಮೇಜು ತೋರಿಸಿದ. ಮೇಸ್ತ್ರಿಯ ಕಾಲು ಅಲ್ಲೇ ನಿಂತಿತು. ಮೇಜು ಮೊಣಕಾಲೆತ್ತರ. ಅದರ ಸುತ್ತ ನೆಲಕ್ಕೆ ಅಂಟಿದಂಥ ಮಖಮಲ್ಲಿನ ಸೋಫಾಗಳು. ಕೂತವರು ಅದರೊಳಗೆ ಹೂತುಹೋಗಿ, ಮೊಣಕಾಲು ಗಲ್ಲಕ್ಕೆ ಬಂದು, ಸುಖವಾಗಿ ನಗುತ್ತಿದ್ದರು. ಅವನು ಕೋಣೆಯ ಉದ್ದಕ್ಕೂ ಕಣ್ಣು ಹಾಯಿಸಿದ. ಎಲ್ಲವೂ ಅವೇ.

"ಬೇರೆ ಥರದ ಕುರ್ಚಿ ಇಲ್ವಾ?" ಎಂದು ಮೆಲ್ಲಗೆ ಕೇಳಿದ. ಅವನ ದನಿ ಅವನಿಗೇ ಕೇಳಿಸಲಿಲ್ಲ.

"ಇದೇ ನಮ್ಮಲ್ಲಿ ವಿಶೇಷ ಸಾರ್."

ಹೆಂಡತಿ ಅವನ ತೋಳು ಬಿಟ್ಟಳು. ಇರಲಿ ಎಂಬಂತೆ ತಲೆ ಆಡಿಸಿ, ಸೋಫಾದ ಕೈಯ ಮೇಲೆ ಕೈಯೂರಿ, ಮೈ ಇಳಿಸತೊಡಗಿದಳು. ಅರ್ಧಕ್ಕೆ ನಿಂತಳು. ಅವಳ ಬಾಯಿಂದ ಒಂದು ಸದ್ದು ಬಂತು. ಅದನ್ನು ದೊಡ್ಡದು ಮಾಡಿ ಹೇಳಲು ಬರುವುದಿಲ್ಲ. ಸಣ್ಣ ಸದ್ದು, ಅಷ್ಟೇ.

ಪುಟ್ಟಿ ಅಮ್ಮನ ಬೆಳ್ಳಗಾದ ಬೆರಳುಗಳನ್ನು ನೋಡಿದಳು. ಅಮ್ಮನ ತುಟಿಯ ಮೇಲಿನ ಬೆವರು ನೋಡಿದಳು. ಆಮೇಲೆ ಅಪ್ಪನತ್ತ ತಿರುಗಿ, ಕಣ್ಣು ತೋರಿಸಲು ಬಂದವರನ್ನು ನೋಡುವಷ್ಟು ಹೊತ್ತು ಅವನನ್ನೇ ನೋಡಿದಳು. ಅವನು ನೆಲ ನೋಡುತ್ತಿದ್ದ. ಅವಳು ಅಮ್ಮನ ಎರಡು ಕಂಕುಳಿಗೂ ಕೈ ಕೊಟ್ಟು, ತುಂಬಾ ನಿಧಾನವಾಗಿ, ನೆಟ್ಟಗೆ ನಿಲ್ಲಿಸಿದಳು. ತನ್ನ ಬ್ಯಾಗನ್ನು ಸೋಫಾದ ಮೇಲಿಟ್ಟಳು.

"ಇದು ಬ್ಯಾಗ್ ಇಡೋಕೆ ಚೆನ್ನಾಗಿದೆ," ಎಂದಳು ವೇಟರ್‌ಗೆ. "ಊಟ ಆ ಕಿಟಕಿ ಕಟ್ಟೆ ಮೇಲೆ ಕೊಡಿ. ನಮ್ಮ ಮನೇಲಿ ಎಲ್ಲರೂ ನಿಂತೇ ತಿನ್ನೋದು."

ಕಿಟಕಿಯ ಕಲ್ಲುಕಟ್ಟೆ ಎದೆಯೆತ್ತರವಿತ್ತು. ಮೂವರೂ ಅದರ ಮುಂದೆ ಸಾಲಾಗಿ ನಿಂತರು. ಸುತ್ತಲಿನವರು ಚಮಚ ಕೆಳಗಿಟ್ಟು ನೋಡಿದರು, ಮತ್ತೆ ಚಮಚ ಎತ್ತಿಕೊಂಡರು. ಸೂಪು ಬಂತು, ಬೆಣ್ಣೆಯಲ್ಲಿ ಹುರಿದ ಅಣಬೆ ಬಂತು. ಹೆಂಡತಿ ನಾಲ್ಕು ಚಮಚ ತಿಂದಳು, ಚೆನ್ನಾಗಿದೆ ಎಂದಳು. ಮೇಸ್ತ್ರಿ ತಟ್ಟೆ ಮುಟ್ಟಲಿಲ್ಲ. ಅವಳು ತನ್ನ ಅಣಬೆಯೊಂದನ್ನು ಅವನ ತಟ್ಟೆಗೆ ಹಾಕಿ, ಲಿಫ್ಟ್ ಮಾತ್ರ ಭಾರೀ ಚೆನ್ನಾಗಿತ್ತು ಕಣ್ರೀ ಎಂದಳು.

ಆಮೇಲೆ ಮಗಳತ್ತ ತಿರುಗಿದಳು. "ನೀನಾದ್ರೂ ಕೂತ್ಕೊಳ್ಳೇ ಪುಟ್ಟಿ. ಕಾಲು ನೋಯುತ್ತೆ."

"ನಂಗೇನೂ ನೋವಿಲ್ಲಮ್ಮ," ಎಂದಳು ಪುಟ್ಟಿ, ಗಾಜಿನಾಚೆ ನೋಡುತ್ತಾ.

ಅಮ್ಮ ಮಗಳ ಕೆನ್ನೆಯನ್ನು ಸ್ವಲ್ಪ ಹೊತ್ತು ನೋಡಿದಳು.

"ನಂಗೂ ಇಲ್ಲ," ಎಂದಳು.

ಅಷ್ಟರಲ್ಲಿ ವೇಟರ್ ಕೇಕು ತಂದ. ರೂಢಿಯಂತೆ ಅದನ್ನು ಮೊಣಕಾಲೆತ್ತರದ ಮೇಜಿನ ಮೇಲಿಟ್ಟು, ನಡುವಿನ ಒಂದೇ ಮೇಣದಬತ್ತಿಗೆ ಬೆಂಕಿ ಮುಟ್ಟಿಸಿ, ಪಕ್ಕಕ್ಕೆ ಸರಿದು ಕಾದ. ಆಮೇಲೆ ಅಪ್ಪ ಮಗಳು ಇಬ್ಬರೂ ಒಟ್ಟಿಗೇ ಹೋಗಿ ಬಗ್ಗಿದರು. ತಟ್ಟೆಯ ಒಂದು ಬದಿಯನ್ನು ಅವನು ಹಿಡಿದ, ಇನ್ನೊಂದನ್ನು ಅವಳು. ಅದನ್ನು ಎತ್ತಿ ತಂದು ಅಮ್ಮನ ಮುಖದ ಮಟ್ಟಕ್ಕೆ ಹಿಡಿದರು. ಅವಳು ಉಸಿರೆಳೆದುಕೊಂಡು ಊದಿದಳು. ಜ್ವಾಲೆ ಬಾಗಿತು, ಮತ್ತೆ ನೆಟ್ಟಗಾಯಿತು. ಅವಳು ಸುಧಾರಿಸಿಕೊಳ್ಳುತ್ತಿದ್ದಳು. ಇಬ್ಬರೂ ತಟ್ಟೆ ಹಿಡಿದುಕೊಂಡೇ ನಿಂತಿದ್ದರು.