ದುಭಾಷಿಯ ಬಾಯಿ

ಗುರುವಾರ ಬೆಳಿಗ್ಗೆ, ಗ್ರಾಂಟ್ ರೋಡ್ ಸ್ಟೇಷನ್ನಿನ ಪಕ್ಕದ ಗಲ್ಲಿಯಲ್ಲಿ, ಮೊದಲ ಏಟು ಬಿದ್ದದ್ದು ಹಿರಿಯಣ್ಣನ ಮೊಣಕಾಲಿಗೆ. ಕೊಡೆ ಒಂದು ಕಡೆ, ಪೇಟ ಇನ್ನೊಂದು ಕಡೆ, ನಡುವೆ ಮಣ್ಣಿನಲ್ಲಿ ಹಿರಿಯಣ್ಣ. ಜೇಬುಗಳ್ಳರಿರಬೇಕೆಂದು "ತಗೊಂಡು ಹೋಗ್ರಪ್ಪಾ" ಎಂದು ಕೋಟಿನ ಜೇಬು ತೋರಿಸಿದ. ಸೈಕಲ್ ಚೈನು ಹಿಡಿದವನು ನಕ್ಕ.

"ಪೈಸಾ ನಹೀ ಚಾಹಿಯೇ, ಮಾಸ್ತರ್. ಮೂಹ್ ಚಾಹಿಯೇ."

ಬಾಯಿ ಬೇಕಂತೆ! ಆಗ ಅವನಿಗೆ ಎಲ್ಲ ಹೊಳೆಯಿತು. ಮುಂಬಯಿಯ ಮ್ಯಾಜಿಸ್ಟ್ರೇಟ್ ಕೋರ್ಟುಗಳಲ್ಲಿ ಕನ್ನಡವನ್ನು ಇಂಗ್ಲಿಷಿಗೆ ತಿರುಗಿಸುವ ಬಾಯಿ ಇದ್ದದ್ದೇ ಒಂದು, ಅದು ಹಿರಿಯಣ್ಣನದು. ಇವತ್ತು ಅದು ಹೇಳಬೇಕಾಗಿದ್ದದ್ದು ಮಲ್ಲವ್ವನ ಸಾಕ್ಷಿ. ಮನೆಯಲ್ಲಿ ಕಳ್ಳಭಟ್ಟಿಯ ಡ್ರಮ್ಮು ಇಡಗೊಡಲಿಲ್ಲವೆಂಬಷ್ಟಕ್ಕೇ ಅವಳ ಗಂಡ ನೀಲಕಂಠಪ್ಪನನ್ನು ಸಾಂತಾಕ್ರೂಜಿನ ಚಾಳಿನ ಅಂಗಳದಲ್ಲಿ ಕೊಂದಿದ್ದರು. ಕೊಂದವನು ಭಟ್ಟಿ ದಂಧೆಯ ಬಸವಂತಪ್ಪ, ಅವಳ ಊರ ಕಡೆಯವನೇ. ಕಂಡವಳು ಅವಳೊಬ್ಬಳು. ಅವಳಿಗೆ ಬರುವುದು ಬಿಜಾಪುರದ ಕನ್ನಡವೊಂದೇ. ಪ್ರತಿ ತಾರೀಖಿಗೂ ದುಭಾಷಿ ಬೇರೆ ಯಾವುದೋ ಕೋರ್ಟಿನಲ್ಲಿ ಸಿಕ್ಕಿಕೊಂಡಿರುತ್ತಿದ್ದ, ಕೇಸು ಮುಂದಕ್ಕೆ ಹೋಗುತ್ತಿತ್ತು.

ಹೊಸದಾಗಿ ಬಂದ ಮ್ಯಾಜಿಸ್ಟ್ರೇಟರು ಇದಕ್ಕೊಂದು ವ್ಯವಸ್ಥೆ ಮಾಡಿದರು. ಕನ್ನಡದ ಕೇಸುಗಳೆಲ್ಲ ಗುರುವಾರ, ಒಂದೇ ಕೋರ್ಟಿನಲ್ಲಿ, ದುಭಾಷಿ ಅಲ್ಲಿಂದ ಕದಲಕೂಡದು. ಆಡಳಿತವೆಂದರೆ ಹೀಗಿರಬೇಕೆಂದು ಗುಮಾಸ್ತರೆಲ್ಲ ಕೊಂಡಾಡಿದರು. ಹಿರಿಯಣ್ಣ ಯಾವತ್ತು, ಯಾವ ದಾರಿಯಲ್ಲಿ ಸಿಗುತ್ತಾನೆಂಬುದು ಬಸವಂತಪ್ಪನ ಗೂಂಡಾಗಳಿಗೂ ಅಷ್ಟೇ ಖಾತ್ರಿಯಾಯಿತು. ಮಲ್ಲವ್ವನ ಬಾಗಿಲಿಗೆ ಪೊಲೀಸ್ ಪಹರೆಯಿತ್ತು. ದುಭಾಷಿಗೆ ಯಾರು ಪಹರೆ ಹಾಕುತ್ತಾರೆ?

ಹಿರಿಯಣ್ಣ ಬೋರಲು ಹೊರಳಿ ಎರಡೂ ತೋಳುಗಳಿಂದ ಬಾಯಿ ಮುಚ್ಚಿಕೊಂಡ. ಚೈನು ಬೆನ್ನಿನ ಚರ್ಮ ಎಬ್ಬಿಸಿತು. ಕಬ್ಬಿಣದ ಸಲಾಕೆ ಮುಂಗೈಗೆ ಬಿದ್ದಾಗ ಹಸಿ ಕಟ್ಟಿಗೆ ಮುರಿದ ಸದ್ದಾಯಿತು. ತೋಳು ಎಳೆದರು, ಅವನು ಮುಖವನ್ನು ಗಟಾರದ ಕಲ್ಲಿಗೆ ಒತ್ತಿ ಹಿಡಿದ. ಪಕ್ಕೆ ಕೊಟ್ಟ, ಕಾಲು ಕೊಟ್ಟ, ಬಾಯಿ ಮಾತ್ರ ಕೊಡಲಿಲ್ಲ. ಕೊನೆಗೆ ಉಡುಪಿ ಹೋಟೆಲಿನ ಅಣ್ಣು ಸೋಡಾ ಬಾಟ್ಲಿ ಎಸೆಯುತ್ತ ಓಡಿ ಬಂದ ಮೇಲೆಯೇ ಅವರು ಬಿಟ್ಟು ಓಡಿದ್ದು.

ಆಸ್ಪತ್ರೆಯಲ್ಲಿ ಕಣ್ಣು ಬಿಟ್ಟಾಗ ಹೆಂಡತಿ ಪುಟ್ಟಲಕ್ಷ್ಮಿ ಮಂಚದ ಪಕ್ಕ ಕೂತಿದ್ದಳು.

"ನಿಮ್ಮನ್ನ ಕರ್ಕೊಂಡು ಹೋಗೋಕಾಗಲ್ಲ ಅಂತ ಕೋರ್ಟೇ ಇಲ್ಲಿಗೆ ಬರುತ್ತಂತೆ ಕಣ್ರೀ! ಸಾಯೋರ ಹತ್ರ ಕೋರ್ಟು ಹೋಗೋದು ಕೇಳಿದ್ದೆ."

"ನಾನು ಸಾಯ್ತಿಲ್ಲ ತಾನೆ? ಡಾಕ್ಟರನ್ನ ಒಂದ್ಸಲ ಕೇಳ್ಬಿಡೇ."

"ತಮಾಷೆ ಬೇಡಿ. ಮಾತು ಹೊರಡಲ್ಲ ಅಂತ ಸನ್ನೆ ಮಾಡಿಬಿಡಿ, ನಿಮ್ಮ ದಮ್ಮಯ್ಯ. ಇನ್ನೊಂದ್ಸಲ ಅವರು ಚೈನು ತರಲ್ಲ, ಚಾಕು ತರ್ತಾರೆ."

ಹಿರಿಯಣ್ಣ ನೆಟ್ಟಗಿದ್ದ ಕೈಯಿಂದ ತನ್ನ ಬಾಯಿ ಮುಟ್ಟಿ ನೋಡಿಕೊಂಡ. ಸುಳ್ಳೇಕೆ, ಅವನಿಗೂ ಹೆದರಿಕೆಯಿತ್ತು.

ಮಧ್ಯಾಹ್ನ ಕೋರ್ಟು ಬಂತು. ಮ್ಯಾಜಿಸ್ಟ್ರೇಟರು ಕಬ್ಬಿಣದ ಸ್ಟೂಲಿನ ಮೇಲೆ ಕೂತರು. ಔಷಧಿ ಮೇಜಿನ ಮೇಲೆ ಗುಮಾಸ್ತ ಟೈಪ್‌ರೈಟರು ಇಟ್ಟ. ವಕೀಲರಿಬ್ಬರು ಗೋಡೆಗೊರಗಿದರು. ಬೇಡಿ ಹಾಕಿದ ಬಸವಂತಪ್ಪನನ್ನು ಪೊಲೀಸರು ಮಂಚದ ಒಂದು ಪಕ್ಕ ನಿಲ್ಲಿಸಿದರು, ಇನ್ನೊಂದು ಪಕ್ಕ ಮಲ್ಲವ್ವ.

"ಅಯ್ಯ ಯಪ್ಪಾ, ನನ್ನ ಸಲುವಾಗಿ ಇಷ್ಟ ಬಡಿಸಿಕೊಂಡ್ರೇನ್ರೀ?" ಎಂದಳು ಅವಳು.

ಹಿರಿಯಣ್ಣ ಅಭ್ಯಾಸಬಲದಿಂದ ಅದನ್ನೂ ಇಂಗ್ಲಿಷಿನಲ್ಲಿ ಹೇಳಿದ. "ಅದು ಬೇಡ" ಎಂದು ಮ್ಯಾಜಿಸ್ಟ್ರೇಟರು ಗುಮಾಸ್ತನಿಗೆ ಕೈ ಅಡ್ಡ ಹಿಡಿದರು.

ಸಾಕ್ಷಿ ಶುರುವಾಯಿತು.

"ಇಂವಾ ನನ್ನ ಗಂಡನ ಕೂದಲಾ ಹಿಡದು ನಳದ ಕಟ್ಟೀಗೆ ತಲಿ ಜಜ್ಜಿದನ್ರೀ. ನಾ ಕಾಲ ಹಿಡಕೊಂಡೆ. ಎದಿಗೆ ಒದ್ದ. ಮತ್ತ ಜಜ್ಜಿದ."

"ನಾನು ಕಾಲು ಹಿಡಿದುಕೊಂಡೆ. ನನ್ನ ಎದೆಗೆ ಒದ್ದ" ಎಂದ ಹಿರಿಯಣ್ಣ ಇಂಗ್ಲಿಷಿನಲ್ಲಿ. ಅವಳು ಹಾಗೆಂದಳು, ಹೀಗೆಂದಳು ಎನ್ನುವಂತಿಲ್ಲ. ದುಭಾಷಿ ಯಾರ ಮಾತು ಹೇಳುತ್ತಾನೋ ಅವರೇ ಆಗಬೇಕು.

ಬಸವಂತಪ್ಪನ ದವಡೆ ಬಿಗಿಯಿತು. ಪೊಲೀಸರ ಮೂಗಿನ ಕೆಳಗೇ ಕನ್ನಡದಲ್ಲಿ ಮಾತಾಡಿ ಮಾಲು ಸಾಗಿಸಿದವನು, ಈ ಊರಲ್ಲಿ ಆ ಭಾಷೆ ಅವನ ಪಾಲಿಗೆ ಬಾಗಿಲು ಹಾಕಿದ ಕೋಣೆ, ಒಳಗಿನ ಮಾತು ಹೊರಗೆ ಹೋಗದು. ಅವಳತ್ತ ಬಗ್ಗಿ ಗುರುಗುಟ್ಟಿದ:

"ಏ ರಂಡೇ, ಈ ಮುದುಕನ ಕಾಲ ಮುರಿಸಿದಂವ ನಾನ. ಬಾಯಿ ಉಳಿಸಿ ಬಂದಾರ ಬೋಳಿಮಕ್ಕಳು. ನಿನ್ನ ನಾಲಿಗಿ ಕೊಯ್ಯಸ್ತೇನಿ, ನೋಡಕೋತಿರು."

ಆಮೇಲೆ ಹಿರಿಯಣ್ಣನ ಕಡೆ ತಿರುಗಿ, ಬೇಡಿ ಹಾಕಿದ ಕೈಯ ಹೆಬ್ಬೆರಳನ್ನು ತನ್ನ ಗಂಟಲಿನ ಮೇಲೆ ಮೆಲ್ಲಗೆ ಎಳೆದುಕೊಂಡ.

"ಏನಂದ ಅವನು?" ಮ್ಯಾಜಿಸ್ಟ್ರೇಟರು ಕೇಳಿದರು.

ಟೈಪ್‌ರೈಟರು ನಿಂತಿತು. ಬಾಗಿಲಲ್ಲಿ ಪುಟ್ಟಲಕ್ಷ್ಮಿ ಬೇಡ ಬೇಡ ಎಂದು ತಲೆಯಾಡಿಸುತ್ತಿದ್ದಳು. ಏನಿಲ್ಲ ಸ್ವಾಮಿ, ಬರೀ ಬೈಗುಳ ಅಂದರೆ ಸಾಕು, ಮುಗಿದುಹೋಗುತ್ತಿತ್ತು. ಹಿರಿಯಣ್ಣ ಮ್ಯಾಜಿಸ್ಟ್ರೇಟರತ್ತ ಮುಖ ತಿರುಗಿಸಿದ.

"ಈ ಮುದುಕನ ಕಾಲು ಮುರಿಸಿದವನು ನಾನೇ" ಎಂದ.

ಕಾಲು ಮುರಿಸಿಕೊಂಡವನೇ ಹೀಗೆಂದದ್ದನ್ನು ಕೇಳಿ ಗುಮಾಸ್ತ ಬೆಪ್ಪಾಗಿ ನೋಡಿದ. ಹಿರಿಯಣ್ಣ ನಿಲ್ಲಿಸಲಿಲ್ಲ. "ಅವನ ಬಾಯಿ ಉಳಿಸಿ ಬಂದಿದ್ದಾರೆ ಬೋಳಿಮಕ್ಕಳು. ನಿನ್ನ ನಾಲಿಗೆ ಕೊಯ್ಯಿಸುತ್ತೇನೆ."

ಬಸವಂತಪ್ಪ ಪೊಲೀಸರನ್ನು ಎಳೆದುಕೊಂಡೇ ಮಂಚದ ಮೇಲೆ ಹಾರಿದ. ಬೇಡಿಯ ಕಬ್ಬಿಣ ಹಿರಿಯಣ್ಣನ ತುಟಿಗೆ ಅಪ್ಪಳಿಸಿತು. ಒಂದು ಸಲ, ಇನ್ನೊಂದು ಸಲ. ಮುಂದಿನ ಹಲ್ಲುಗಳು ಒಳಕ್ಕೆ ಮುರಿದವು. ಔಷಧಿ ಸೀಸೆಗಳು ಉರುಳಿದವು, ಲಾಠಿ ಬೀಸಿದ ಸದ್ದು, ಪುಟ್ಟಲಕ್ಷ್ಮಿಯ ಚೀರಾಟ. ಕೊನೆಗೆ ಪೊಲೀಸನೊಬ್ಬ ಬಸವಂತಪ್ಪನ ಕುತ್ತಿಗೆಯ ಮೇಲೆ ಮಂಡಿಯೂರಿ ನೆಲಕ್ಕೆ ಅದುಮಿದ.

ಮ್ಯಾಜಿಸ್ಟ್ರೇಟರು ಸ್ಟೂಲಿನಿಂದ ಎದ್ದರು. "ಇದೆಲ್ಲವನ್ನೂ ಬರೆದುಕೊಳ್ಳಿ" ಎಂದರು ಗುಮಾಸ್ತನಿಗೆ. ಆಮೇಲೆ ಮಂಚದತ್ತ ಬಗ್ಗಿ, "ಉಳಿದದ್ದನ್ನು ಇನ್ನೊಂದು ದಿನಕ್ಕೆ ಇಟ್ಟುಕೊಳ್ಳೋಣವೇ?" ಎಂದು ಕೇಳಿದರು.

ಇನ್ನೊಂದು ದಿನ. ಮಲ್ಲವ್ವನಿಗೆ ಇಂಗ್ಲಿಷ್ ಬಾರದಿದ್ದರೂ ತಾರೀಖು ಮುಂದೆ ಹಾಕುವ ಆ ದನಿಯ ಗುರುತು ಚೆನ್ನಾಗಿತ್ತು. ಸೆರಗು ಬಾಯಿಗೆ ಒತ್ತಿಕೊಂಡು ಹಿರಿಯಣ್ಣನನ್ನೇ ನೋಡಿದಳು.

ಹಿರಿಯಣ್ಣ ತಟ್ಟೆಗೆ ರಕ್ತವನ್ನೂ ಹಲ್ಲುಗಳನ್ನೂ ಉಗಿದು ಬೇಡವೆಂದು ತಲೆಯಾಡಿಸಿದ. ಗಾಳಿ ಸೋರುವ ಬಾಯಲ್ಲಿ ಕೇಳಿದ:

"ಹೇಳು ತಾಯಿ. ಮತ್ತೆ ಜಜ್ಜಿದ. ಆಮೇಲೆ?"

"ಆಮ್ಯಾಲ ನನ್ನ ಗಂಡ ಏಳಲಿಲ್ರೀ" ಎಂದಳು ಮಲ್ಲವ್ವ.

"ಆಮೇಲೆ ನನ್ನ ಗಂಡ ಏಳಲಿಲ್ಲ" ಎಂದ ಹಿರಿಯಣ್ಣ.