ಮುಳ್ಳು ತಲೆಬಾಗುವ ಹೊತ್ತು

ಗಾಳಿಯೂ ಇಲ್ಲದಷ್ಟು ಎತ್ತರದ ಆಕಾಶದಲ್ಲಿ ಹಾಸಿದ ಸೌರ ಹಲಗೆಗಳು ಬಿಸಿಲನ್ನು ಹಿಡಿದು ಕೆಳಗೆ ಕಳಿಸಿದರೆ, ಬಯಲಿನ ತುಂಬ ಕಟ್ಟಿದ ತಂತಿಬಲೆ ಅದನ್ನು ಕರೆಂಟಾಗಿ ಇಳಿಸಿಕೊಳ್ಳುತ್ತಿತ್ತು. ಊರಿನ ಹೊಗೆಕೊಳವೆಗಳು ತಣ್ಣಗಾಗಿ ಎಷ್ಟೋ ಕಾಲವಾಗಿತ್ತು. ಮಕ್ಕಳ ಕೆಮ್ಮೂ ನಿಂತಿತ್ತು. ಬಲೆಯ ಪಕ್ಕದ ಕೋಣೆಯಲ್ಲಿ ಮೀಟರ್ ಕಾಯುವ ಹೆಂಗಸು ಎಲ್ಲರಿಗೂ ಅಕ್ಕ.

ದಿನಾ ಸಂಜೆ ಮೀಟರಿನ ಮುಳ್ಳು ಒಮ್ಮೆ ತಲೆಬಾಗಿ ಏಳುತ್ತಿತ್ತು. ಆಗ ಕೋಣೆಯಲ್ಲಿದ್ದವರೆಲ್ಲ ಚಹಾದ ಲೋಟ ಕೆಳಗಿಟ್ಟು ಸುಮ್ಮನಾಗುತ್ತಿದ್ದರು. ಅದನ್ನು ಯಾರೂ ದೋಷವೆಂದು ಬರೆಯುತ್ತಿರಲಿಲ್ಲ.

ಹೊಸದಾಗಿ ಬಂದ ಇಂಜಿನಿಯರಮ್ಮ ಕೇಳಿಯೇಬಿಟ್ಟಳು. “ಇದ್ಯಾಕಕ್ಕ ಹೀಗೆ?”

“ನಮ್ಮಣ್ಣ, ಮೇಡಂ. ಮೇಲೆ ಹಲಗೆ ಜೋಡಿಸೋಕೆ ಹೋಗಿದ್ದ. ಹಗ್ಗ ಕಡಿದು ಹಲಗೆ ಸಂದಿಗೆ ಸೇರ್ಕೊಂಡು ಅಲ್ಲೇ ತೀರ್ಕೊಂಡ. ತೆಗೆಯೋಕೆ ಆಗ್ಲಿಲ್ಲ. ಬಿಸಿಲು ಓರೆಯಾದಾಗ ಅವನ ನೆರಳು ಹಲಗೆ ಮೇಲೆ ಬೀಳುತ್ತೆ.”

“ಬದುಕಿದ್ದಾಗ ದಿನಾ ತಡ. ಈಗ ನೋಡಿ, ಒಂದು ಗಳಿಗೆ ತಪ್ಪಲ್ಲ,” ಎಂದ ಮುದಿ ಫಿಟ್ಟರ್. ಅಕ್ಕ ನಕ್ಕಳು. ಆ ನಗುವಿಗಾಗಿಯೇ ಅವನು ಮತ್ತೆ ಮತ್ತೆ ಅದೇ ಮಾತು ಆಡುತ್ತಿದ್ದ.

ಇಂಜಿನಿಯರಮ್ಮ ಮಾತ್ರ ನಗಲಿಲ್ಲ. ಕೆಲವು ದಿನ ಕಳೆದು ಅಕ್ಕನ ಪಕ್ಕಕ್ಕೆ ಕುರ್ಚಿ ಎಳೆದುಕೊಂಡಳು.

“ನೆರಳು ಬಿದ್ದ ಕಡೆ ಕರೆಂಟು ತಡೆದು ಹಲಗೆ ಕಾದು ಬಿರುಕು ಬಿಡ್ತಿದೆ, ಅಕ್ಕ. ಹೀಗೇ ಬಿಟ್ರೆ ಸಾಲೇ ಹೋಗುತ್ತೆ. ಆ ಸಂದಿಗೆ ಹೋಗೋ ಯಂತ್ರ ಈಗ ಬಂದಿದೆ. ನಿಮ್ಮಣ್ಣನ್ನ ಕೆಳಕ್ಕೆ ತಳ್ಳಿದ್ರೆ ಗಾಳೀಲೇ ಉರಿದು ಹೋಗ್ತಾರೆ. ನೀವು ಬೇಡ ಅಂದ್ರೆ ಬೇರೆ ದಾರಿ ಹುಡುಕ್ತೀನಿ.”

ಕೇಳದೆಯೇ ಮಾಡಬಹುದಿತ್ತು. ಕೇಳಿದಳು. ಅಣ್ಣನೆಂದು ಅಕ್ಕನಿಗೆ ಉಳಿದಿದ್ದು ಮುಳ್ಳಿನ ಆ ಒಂದು ಬಾಗು ಮಾತ್ರ.

“ಅವನಿಗೂ ಸಾಕಾಗಿರುತ್ತೆ,” ಎಂದಳು ಕೊನೆಗೆ. “ಕಳಿಸಿ. ಮಲಗ್ಲಿ.”

ಅವನನ್ನು ಇಳಿಸಿದ ಸಂಜೆ ಎಲ್ಲರೂ ಅಂಗಳದಲ್ಲಿ ನಿಂತರು. ನೂಲಿನಂಥ ಒಂದು ಬೆಳಕು ಆಕಾಶವನ್ನು ಗೀಚಿ ಆರಿತು. ಫಿಟ್ಟರ್ ಟೋಪಿ ತೆಗೆದ. ಗೀಟು ಪೂರ್ತಿ ಮಾಸುವವರೆಗೂ ಇಂಜಿನಿಯರಮ್ಮ ಅಕ್ಕನ ಕೈ ಬಿಡಲಿಲ್ಲ.

ಮರುದಿನ ಅದೇ ಹೊತ್ತಿಗೆ ಮುಳ್ಳು ಬಾಗಿತು.

ಕೈಗಳಲ್ಲಿದ್ದ ಲೋಟಗಳು ತಾವಾಗಿ ಕೆಳಗಿಳಿದವು. ಇಂಜಿನಿಯರಮ್ಮ ಮೈಕು ಹಿಡಿದು ಮೇಲೆ ಹಲಗೆ ಕಾಯುವವರನ್ನು ಕೇಳಿದಳು.

“ಏನೂ ಇಲ್ಲಮ್ಮ,” ಬಂತು ಉತ್ತರ. “ಹಲಗೆ ಕನ್ನಡಿ ಹಾಗಿದೆ. ಇಲ್ಲಿ ಎಲ್ಲಾ ಸರಿಯಾಗಿದೆ.”

ಮುಳ್ಳು ಎಂದಿನಂತೆ ಏಳಲೂ ಇಲ್ಲ. ಬಾಗಿಯೇ ನಿಂತಿತ್ತು, ಹೊಸ್ತಿಲಲ್ಲಿ ಅಪ್ಪಣೆಗೆ ಕಾದವರ ಹಾಗೆ. ಅಕ್ಕನಿಗೆ ಸಂತೋಷವಾಗಲಿಲ್ಲ. ಬೂದಿಯಾದ ಮೇಲೂ ಕೆಲಸಕ್ಕೆ ಬಂದನಲ್ಲ. ಪಾಪ, ಅವನಿಗೆ ಯಾರೂ ಹೇಳಿಯೇ ಇಲ್ಲ.

ಇಂಜಿನಿಯರಮ್ಮ ತನ್ನ ಲೋಟವನ್ನೂ ಕೆಳಗಿಟ್ಟಳು. ಮೈಕನ್ನು ಅಕ್ಕನ ಕಡೆ ಸರಿಸಿದಳು.

“ಅಣ್ಣಾ,” ಎಂದಳು ಅಕ್ಕ, “ಪಾಳಿ ಮುಗೀತು. ಮನೆಗೆ ಹೋಗು.”

ಮುಳ್ಳು ನಿಧಾನವಾಗಿ ಎದ್ದು ನೆಟ್ಟಗಾಯಿತು. ಮೇಲಿನಿಂದ ಯಾರೋ ಕೇಳುತ್ತಿದ್ದರು: “ಯಾರಿಗಮ್ಮ ಹೇಳಿದ್ದು?”

ಇಂಜಿನಿಯರಮ್ಮ ಮೈಕು ಆರಿಸಿದಳು.